ಭೂಮಣ್ಣಿ ಬುಟ್ಟಿಯಲ್ಲಿ ಒಂದು ಖಾಲಿ ಜಾಗ

2025ರ ವಿಜಯದಶಮಿಯ ಮರುದಿನ ರಾತ್ರಿ ನಾವಿಬ್ಬರೂ ಬೆಂಗಳೂರಿನಲ್ಲಿ ತಾಳಗುಪ್ಪದ ರೈಲು ಹತ್ತಿದೆವು. ಅವನಿಗೆ ಅದು ಭೂಮಿ ಹುಣ್ಣಿಮೆಯ ಹಬ್ಬಕ್ಕೆಂದು ಪ್ರತಿವರ್ಷ ಊರಿಗೆ ಹೋಗುವ ಪ್ರಯಾಣ. ನನಗೆ ಹಾಗಿರಲಿಲ್ಲ. ನನ್ನ ಚೀಲದ ತಳದಲ್ಲಿ, ಸೀರೆಯ ಮಡಿಕೆಯೊಳಗೆ, ಪುಂಡಿನಾರಿನ ನಾಲ್ಕು ಕುಂಚಗಳಿದ್ದವು. ಅವು ಅಲ್ಲಿವೆಯೆಂಬುದು ಅವನಿಗೆ ತಿಳಿದಿರಲಿಲ್ಲ.

ನಮ್ಮ ಪರಿಚಯವಾಗಿ ಆಗ ಎರಡು ವರ್ಷ ತುಂಬಿತ್ತು. ಹೆಗ್ಗೋಡಿನ ನೀನಾಸಮ್‌ನ ಶಿವರಾಮ ಕಾರಂತ ರಂಗಮಂದಿರದಲ್ಲಿ ನಾಟಕ ನೋಡುತ್ತಿದ್ದಾಗ ಸುರಿದ ಮಳೆಗೆ ರಂಗದ ಮೇಲಿನ ಮಾತು ಕೇಳಿಸದಾಯಿತು. ಆ ನಾಟಕವನ್ನು ಅದಾಗಲೇ ಎರಡು ಬಾರಿ ನೋಡಿದ್ದ, ನನ್ನ ಪಕ್ಕದಲ್ಲಿ ಕುಳಿತಿದ್ದ ಅಪರಿಚಿತನೊಬ್ಬ, ಮಳೆಯಲ್ಲಿ ಕಳೆದುಹೋದ ಮಾತುಗಳನ್ನು ಮೆಲ್ಲಗೆ ತಾನೇ ಹೇಳಿಕೊಟ್ಟ. ನಾನು ತಿಪಟೂರಿನ ಕಡೆಯ ಬಯಲುಸೀಮೆಯವಳು, ಬೆಂಗಳೂರಿನ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಅವನು ಸಾಗರ ತಾಲ್ಲೂಕಿನ ದೀವರ ಸಮುದಾಯದ ಮನೆಯ ಹುಡುಗ, ವಾರದಲ್ಲಿ ಐದು ದಿನ ಬೆಂಗಳೂರಿನ ಕಂಪನಿಗೆ, ಉಳಿದ ಎರಡು ದಿನ ಮನಸ್ಸಿನಲ್ಲೇ ತನ್ನ ತೋಟಕ್ಕೆ ಸೇರಿದವನು.

ಅದಾಗಿ ಒಂದು ತಿಂಗಳಿಗೆ ಅಂಚೆಯಲ್ಲಿ ನನಗೊಂದು ಅಡಿಕೆ ಹಾಳೆ ಬಂತು. ಒಣಗಿದ ಹಾಳೆಯನ್ನು ಕಾರ್ಡಿನ ಅಳತೆಗೆ ಕತ್ತರಿಸಿ, ಮೊಳೆಯ ತುದಿಯಿಂದ ಅಕ್ಷರಗಳನ್ನು ಗೀರಿ, ಗೀರುಗಳೊಳಗೆ ಚೊಗರು ತುಂಬಿದ್ದ. ಚೊಗರೆಂದರೆ ಅಡಿಕೆ ಬೇಯಿಸಿದ ನೀರು ಗಟ್ಟಿಯಾಗಿ ಉಳಿಯುವ ಕಡುಗೆಂಪು ರಸ. ಹೆಗ್ಗೋಡಿನ ಚರಕ ಸಂಸ್ಥೆಯ ಹೆಂಗಸರು ಕೈಮಗ್ಗದ ಬಟ್ಟೆಗೆ ಬಣ್ಣ ಕಟ್ಟುವುದಕ್ಕೂ ಅದನ್ನು ಬಳಸುತ್ತಾರೆ. ಹಾಳೆಯಲ್ಲಿ ಇದ್ದದ್ದು ಎಂಟು ಸಾಲು. ಯಾವ ಸಾಲಿನಲ್ಲೂ ಪ್ರೀತಿಯ ಮಾತಿರಲಿಲ್ಲ, ಮನೆಯ ಅಡಿಕೆ ಕೊಯ್ಲಿನ ಸುದ್ದಿಯಷ್ಟೇ ಇತ್ತು. ಆದರೆ ಒಂದು ಸುದ್ದಿಯನ್ನು ಹೇಳಲು ಇಷ್ಟು ಹೊತ್ತು ಕುಳಿತು ಗೀರಿದವನು ಸುಮ್ಮನೆ ಗೀರಿರಲಾರನೆಂದು ನನಗೆ ಅನ್ನಿಸಿತು.

ಮರುವರ್ಷ ನನ್ನ ಹುಟ್ಟುಹಬ್ಬಕ್ಕೆ ಒಂದು ಭಾವಚಿತ್ರ ಬಂತು: ಎರಡೇ ಎಲೆಯ ಒಂದು ಮಾವಿನ ಕಸಿ, ಅದರ ಕೊರಳಿಗೆ ನನ್ನ ಹೆಸರಿನ ಚೀಟಿ. ಮಲೆನಾಡಿನ ಅಪ್ಪೆಮಿಡಿಯ ಮರಗಳಿಗೆ ಊರಿನ ಹೆಸರೋ, ಮರದ ಒಡೆಯರ ಹೆಸರೋ ಅಂಟಿಕೊಂಡು ಬರುವುದು ವಾಡಿಕೆ. ಹೊಳೆಯಂಚಿನ ಹಳೆಯ ಜೀರಿಗೆ ಅಪ್ಪೆ ಮರವೊಂದರ ಕುಡಿ ತಂದು ತಾನೇ ಕಸಿ ಕಟ್ಟಿ, ಅದಕ್ಕೆ ನನ್ನ ಹೆಸರಿಟ್ಟಿದ್ದ. ಅದು ಮಿಡಿ ಬಿಡಲು ನಾಲ್ಕೈದು ವರ್ಷವಾದರೂ ಬೇಕು. ನಾಲ್ಕೈದು ವರ್ಷ ಕಾಯುವ ಉಡುಗೊರೆಯನ್ನು ಅದಕ್ಕೆ ಮುಂಚೆ ನನಗೆ ಯಾರೂ ಕೊಟ್ಟಿರಲಿಲ್ಲ.

ಇಷ್ಟಾದರೂ ಮದುವೆಯ ಮಾತನ್ನು ಅವನು ಎತ್ತಿರಲಿಲ್ಲ. ಜಾತಿ ಬೇರೆ, ಸೀಮೆ ಬೇರೆ, ಇಂದಲ್ಲ ನಾಳೆ ತೋಟಕ್ಕೇ ಮರಳಬೇಕೆಂದಿರುವ ತಾನು ಪೇಟೆಯ ಕೆಲಸದವಳನ್ನು ಕಟ್ಟಿಹಾಕಿದಂತಾದೀತು ಎಂಬ ಅಳುಕು ಅವನಿಗೆ ಇದೆಯೆಂದು ನನಗೆ ಗೊತ್ತಿತ್ತು. ಹಾಗಾಗಿ ಕೇಳುವವಳು ನಾನೇ ಆಗಬೇಕೆಂದು ಕಳೆದ ಬೇಸಿಗೆಯಲ್ಲೇ ನಿಶ್ಚಯಿಸಿಕೊಂಡೆ. ಉಂಗುರ ಹಿಡಿದು ಕೇಳುವ ಪದ್ಧತಿ ಈಗ ನಮ್ಮಲ್ಲೂ ಬಂದಿದೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಎರಡು ವರ್ಷ ಅವನು ನನ್ನೊಡನೆ ಹಾಳೆ, ಚೊಗರು, ಕಸಿಗಿಡಗಳ ಮೂಲಕ ಮಾತನಾಡಿದ್ದ, ನನ್ನ ಮಾತೂ ಆ ಮನೆಯ ವಸ್ತುಗಳಿಂದಲೇ ಹೋಗಬೇಕಾಗಿತ್ತು. ಏಪ್ರಿಲ್ ರಜೆಯಲ್ಲಿ ಅವರ ಮನೆಗೆ ಹೋಗಿದ್ದಾಗ ಅವನ ಅಜ್ಜಿಯ ಬಳಿ ಕುಳಿತು, ನನಗೆ ಚಿತ್ತಾರ ಬರೆಯುವುದನ್ನು ಕಲಿಸಿಕೊಡಿ ಎಂದು ಕೇಳಿಕೊಂಡೆ.

ಮೊದಲನೆಯ ದಿನ, ಶನಿವಾರ

ಶಿವಮೊಗ್ಗದಲ್ಲಿ ಇಳಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ಅದೇ ರೈಲಿನಲ್ಲಿ ಮುಂದುವರಿದು ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿದರೆ ಮನೆಗೆ ಹತ್ತಿರ, ಆದರೆ ಈ ಸಲ ತೀರ್ಥಹಳ್ಳಿಯ ದಾರಿಯಲ್ಲಿ ಸುತ್ತಿಕೊಂಡು ಹೋಗೋಣವೆಂದು ಅವನು ಗೆಳೆಯನೊಬ್ಬನ ಕಾರನ್ನು ಗೊತ್ತುಮಾಡಿದ್ದ. ತುಂಗಾ ಹೊಳೆಯ ದಂಡೆಗೆ ಹೋಗಿ ಮುಖ ತೊಳೆದುಕೊಂಡೆವು. ಗಂಗೆಯಲ್ಲಿ ಸ್ನಾನ, ತುಂಗೆಯಲ್ಲಿ ಪಾನ ಎಂಬ ಮಾತನ್ನು ಇಲ್ಲಿಯವರು ಗಾದೆಯಂತೆ ಹೇಳಿದರೂ, ಮಳೆಗಾಲ ಮುಗಿಯುತ್ತ ಬಂದಿದ್ದ ಆ ಬೆಳಿಗ್ಗೆ ನೀರು ಕೆಂಪಗೇ ಇತ್ತು.

ಗಾಜನೂರು, ಸಕ್ರೆಬೈಲುಗಳನ್ನು ನಿಲ್ಲದೆ ದಾಟಿ ಮಂಡಗದ್ದೆಯಲ್ಲಿ ಇಳಿದೆವು. ರಸ್ತೆಗೆ ಅಂಟಿಕೊಂಡೇ ಹರಿಯುವ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಮಳೆಗಾಲದಲ್ಲಿ ಬೆಳ್ಳಕ್ಕಿಗಳೂ ನೀರುಕಾಗೆಗಳೂ ಬಂದು ಗೂಡು ಕಟ್ಟುತ್ತವೆ. ನಾವು ಹೋದಾಗ ಗದ್ದಲ ಕಡಿಮೆಯಾಗಿ ಕೆಲವೇ ಗೂಡುಗಳಲ್ಲಿ ಜೀವವಿತ್ತು. ಬೆಳ್ಳಕ್ಕಿಯ ಗಂಡು ಒಂದೊಂದೇ ಕಡ್ಡಿ ಆಯ್ದು ತಂದು ಹೆಣ್ಣಿಗೆ ಕೊಡುತ್ತದೆ, ಹೆಣ್ಣು ಅದನ್ನು ಗೂಡಿಗೆ ಹೆಣೆಯುತ್ತದೆ. ಇದನ್ನು ನಾನು ತರಗತಿಯಲ್ಲಿ ಮಕ್ಕಳಿಗೆ ಹೇಳಿದ್ದೇನೆ. ಅಲ್ಲಿ ನಿಂತು ಅದನ್ನೇ ಅವನಿಗೆ ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೆಣ್ಣು ಕಡ್ಡಿ ತರೋದೇ ಇಲ್ವಾ?" ಎಂದು ಕೇಳಿದ. ನನ್ನ ಚೀಲದಲ್ಲಿದ್ದ ನಾರಿನ ಕುಂಚಗಳ ನೆನಪಾಗಿ ನಾನು ಹೊಳೆಯ ಕಡೆ ಮುಖ ತಿರುಗಿಸಿಕೊಂಡೆ.

ಕುಪ್ಪಳಿಯನ್ನು ತಲುಪುವಾಗ ಹನಿ ಮಳೆ. ಕವಿಮನೆಯ ಒಳಗೆ, ಕುವೆಂಪು ಅವರ ಮದುವೆ ನಡೆದ ಮರದ ಮಂಟಪದ ಮುಂದೆ ನಾವು ಬಹಳ ಹೊತ್ತು ನಿಂತೆವು. ಹೇಮಾವತಿಯವರೊಡನೆ ಅವರ ವಿವಾಹವಾದದ್ದು 1937ರಲ್ಲಿ. ಆಮೇಲೆ ಅವರೇ ಪುರೋಹಿತರಿಲ್ಲದ, ವರದಕ್ಷಿಣೆಯಿಲ್ಲದ, ಆಡಂಬರವಿಲ್ಲದ ಮಂತ್ರ ಮಾಂಗಲ್ಯವೆಂಬ ಪದ್ಧತಿಯನ್ನು ನಾಡಿಗೆ ಕೊಟ್ಟರು. ಹೆಣ್ಣುಗಂಡುಗಳು ತಮ್ಮ ಬಾಯಿಂದಲೇ ಪ್ರಮಾಣ ವಚನವನ್ನು ಓದಿ, ಅದರ ಅರ್ಥ ತಿಳಿದು ಒಪ್ಪಿಕೊಳ್ಳುವ ಮದುವೆಯದು. ಬೇರೆ ಬೇರೆ ಜಾತಿಯವರಾದ ನಮ್ಮಂಥವರಿಗೆ ಆ ಪದ್ಧತಿ ಎಷ್ಟು ದೊಡ್ಡ ಆಸರೆಯೆಂಬುದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಅವನೂ ಹೇಳಲಿಲ್ಲ. ಕವಿಶೈಲದ ಬಂಡೆಯ ಮೇಲೆ ಕುಳಿತಾಗ ಕೆಳಗಿನ ಕಾಡು ಮಂಜಿನಲ್ಲಿ ಕಾಣುತ್ತಲೂ ಮರೆಯಾಗುತ್ತಲೂ ಇತ್ತು, ಸಮಾಧಿಯ ಸುತ್ತ ನಿಲ್ಲಿಸಿದ ಕಲ್ಲುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. "ಇಲ್ಲಿ ಮದುವೆಯಾಗೋರು ಪುಣ್ಯವಂತರು" ಎಂದು ಅವನು ಯಾರಿಗೋ ಹೇಳುವಂತೆ ಹೇಳಿ ಎದ್ದ.

ಹೊಸನಗರದ ಮೇಲೆ ಹಾದು ಊರು ಸೇರುವಾಗ ಕತ್ತಲಾಗಿತ್ತು. ಜಗಲಿಯ ಮೂಲೆಯಲ್ಲಿ ಸಗಣಿ ಸಾರಿಸಿ, ಅದರ ಮೇಲೆ ಕೆಮ್ಮಣ್ಣು ಬಳಿದ ಎರಡು ಬುಟ್ಟಿಗಳನ್ನು ಒಣಗಲು ಬೋರಲು ಹಾಕಿದ್ದರು. ಅಜ್ಜಿ ನನ್ನನ್ನು ಒಮ್ಮೆ, ಬುಟ್ಟಿಗಳನ್ನು ಒಮ್ಮೆ ನೋಡಿ, "ಬಂದ್ಯಾ ಮಗಾ" ಎಂದಷ್ಟೇ ಹೇಳಿದರು.

ಎರಡನೆಯ ದಿನ, ಭಾನುವಾರ

ಬೆಳಿಗ್ಗೆ ಎದ್ದವಳೇ ನನ್ನ ಹೆಸರಿನ ಗಿಡವನ್ನು ನೋಡಲು ಹೋದೆ. ಮೊಣಕಾಲೆತ್ತರ ಬೆಳೆದಿದ್ದ ಅದಕ್ಕೆ ಕಸಿಯ ಗಂಟು ಇನ್ನೂ ಉಬ್ಬಾಗಿ ಕಾಣುತ್ತಿತ್ತು. ಅವನು ಹೇಳಿಕೊಟ್ಟಂತೆ ಎಲೆಯೊಂದನ್ನು ಹಿಚುಕಿ ಮೂಸಿದೆ, ಜೀರಿಗೆಯ ತೆಳುವಾದ ಪರಿಮಳವಿತ್ತು.

ಜೋಗದಲ್ಲಿ ಅಂದು ಎರಡು ಗಂಟೆ ಕಾಯಬೇಕಾಯಿತು. 253 ಮೀಟರ್ ಆಳಕ್ಕೆ ಬೀಳುವ ಶರಾವತಿಯ ಸದ್ದು ಕಿವಿ ತುಂಬಿದರೂ ಕಣ್ಣಿಗೆ ಬಿಳಿಯ ಮಂಜಲ್ಲದೆ ಬೇರೇನೂ ಇರಲಿಲ್ಲ. ನೋಡಲು ಬಂದಿದ್ದ ಎಷ್ಟೋ ಜನ ಬೇಸತ್ತು ಬಸ್ಸು ಹತ್ತಿದರು. ಆಮೇಲೆ ಗಾಳಿ ತಿರುಗಿದಾಗ ಮೊದಲು ರಾಜ, ಅದರ ಬಳಿಯಲ್ಲಿ ರೋರರ್, ಆಚೆಗೆ ರಾಕೆಟ್, ಕೊನೆಯಲ್ಲಿ ಬಂಡೆಯ ಮೇಲೆ ಹರಡಿಕೊಂಡು ಇಳಿಯುವ ರಾಣಿ, ಹೀಗೆ ಒಂದೊಂದಾಗಿ ನಾಲ್ಕೂ ತೆರೆದುಕೊಂಡು ಐದಾರು ನಿಮಿಷ ನಿಂತವು. ಅದೇ ಹೊತ್ತಿಗೆ ನಮ್ಮಿಂದ ಹತ್ತು ಹೆಜ್ಜೆ ಆಚೆ ಒಬ್ಬ ಹುಡುಗ ಒದ್ದೆ ನೆಲದ ಮೇಲೆ ಮೊಣಕಾಲೂರಿ ತನ್ನ ಗೆಳತಿಗೆ ಉಂಗುರ ನೀಡಿದ. ಅವಳು ಅಳುತ್ತಳುತ್ತಲೇ ಕೈ ಚಾಚಿದಳು, ಸುತ್ತ ಇದ್ದವರೆಲ್ಲ ಚಪ್ಪಾಳೆ ತಟ್ಟಿದರು, ನಾವೂ ತಟ್ಟಿದೆವು. ಆ ಹುಡುಗ ಎರಡು ಗಂಟೆ ಮಂಜಿನಲ್ಲಿ ಕಾದು ಕೇಳಿದ್ದ. ನನಗೆ ಅವನ ಮೇಲೆ ನಿಜವಾದ ಗೌರವ ಬಂತು. ಮರಳುವಾಗ ನಮ್ಮಿಬ್ಬರ ನಡುವೆ ಹೆಚ್ಚು ಮಾತಿರಲಿಲ್ಲ. ಅವನಿಗೆ ಏನನ್ನಿಸಿತೆಂದು ಕೇಳುವ ಆಸೆಯನ್ನು ನಾನು ತಡೆದುಕೊಂಡೆ.

ಊಟವಾಗಿ ಅವನು ಮಲಗಿದ ಮೇಲೆ ಒಳಗೋಣೆಯಲ್ಲಿ ಅಜ್ಜಿ ದೀಪ ಹಚ್ಚಿದರು.

ಭೂಮಿ ಹುಣ್ಣಿಮೆಯೆಂದರೆ ಆಶ್ವಯುಜದ ಹುಣ್ಣಿಮೆ. ಗದ್ದೆಯಲ್ಲಿ ಭತ್ತ ಹೊಡೆಯಾಗುವ ಕಾಲವಾದ್ದರಿಂದ ಭೂಮಿತಾಯಿಯನ್ನು ಬಸುರಿಯೆಂದು ಬಗೆದು, ಬಸುರಿಗೆ ಬಯಕೆ ತೀರಿಸುವಂತೆ ಬಗೆಬಗೆಯ ಅಡುಗೆ ಮಾಡಿ ಬೆಳಗಿನ ಜಾವ ಗದ್ದೆಗೆ ಕೊಂಡೊಯ್ದು ಬಡಿಸುತ್ತಾರೆ. ಅಡುಗೆ ಹೊರುವ ಬುಟ್ಟಿಗಳಿಗೆ ಮನೆಯ ಹೆಂಗಸರು ಚಿತ್ತಾರ ಬರೆಯುತ್ತಾರೆ. ದೊಡ್ಡದು ಭೂಮಣ್ಣಿ ಬುಟ್ಟಿ, ಚಿಕ್ಕದು ಅಚ್ಚಂಬಲಿ ಬುಟ್ಟಿ. ಕೆಮ್ಮಣ್ಣಿನ ಕೆಂಪು ನೆಲದ ಮೇಲೆ ಬಿಳಿಯ ಗೆರೆಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಕರಿಕಾಗುವವರೆಗೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಅಂಗಡಿಯಿಂದ ಬಂದ ಒಂದು ಹನಿ ಬಣ್ಣವೂ ಇಲ್ಲ. ಪುಂಡಿನಾರನ್ನು ಜಜ್ಜಿ ಎಳೆ ಬಿಡಿಸಿ ಕಟ್ಟಿದ ಕುಂಚವನ್ನು ಅಜ್ಜಿ ಹಿಡಿಯುವ ರೀತಿಯೇ ಬೇರೆ: ತುದಿಯನ್ನಷ್ಟೇ ಹಿಟ್ಟಿನಲ್ಲಿ ಅದ್ದಿ, ಬಟ್ಟಲಿನ ಅಂಚಿಗೆ ಒಮ್ಮೆ ಒರೆಸಿ, ಕೈಯನ್ನು ಬುಟ್ಟಿಗೆ ಆನಿಸದೆ, ಗೆರೆ ಮುಗಿಯುವವರೆಗೆ ಉಸಿರು ಬಿಗಿಹಿಡಿದು ತಮ್ಮ ಕಡೆಗೇ ಎಳೆದುಕೊಳ್ಳುತ್ತಾರೆ. ಎಂಬತ್ತು ದಾಟಿದ ಕೈ ಅನ್ನದ ತುತ್ತೆತ್ತುವಾಗ ನಡುಗುತ್ತದೆ, ಗೆರೆ ಎಳೆಯುವಾಗ ನಡುಗುವುದಿಲ್ಲ. ನಾನು ಐದು ತಿಂಗಳಿಂದ ಬೆಂಗಳೂರಿನ ಕೋಣೆಯಲ್ಲಿ ಹಳೆಯ ಮೊರವೊಂದರ ಮೇಲೆ ಬರೆದು ಅಳಿಸಿ, ಶನಿವಾರದ ಸಂಜೆಗಳಲ್ಲಿ ಫೋನಿನಲ್ಲಿ ಅವರಿಗೆ ತೋರಿಸಿ ಕಲಿತಿದ್ದೆ. ಆದರೂ ಆ ರಾತ್ರಿ ಏಳನೆಯ ಗೆರೆಯಲ್ಲೇ ನನ್ನ ಕುಂಚ ಜಾರಿ, ಎರಡು ಗೆರೆಗಳ ನಡುವೆ ಬಿಳಿ ಹರಡಿಕೊಂಡಿತು. ಒರೆಸಲು ಹೋದ ನನ್ನ ಕೈಯನ್ನು ಅಜ್ಜಿ ಹಿಡಿದರು. "ಒರೆಸಬ್ಯಾಡ. ಕೆಮ್ಮಣ್ಣೂ ಎದ್ದು ಬರ್ತದೆ" ಎಂದು ಹೇಳಿ, ಆ ಕಲೆಯ ಎರಡು ಪಕ್ಕದಲ್ಲಿ ಉದ್ದಕ್ಕೆ ಗೆರೆ ಎಳೆದು, ನಡುವೆ ಅಡ್ಡ ಹಲ್ಲುಗಳನ್ನು ಕೂಡಿಸಿ, ಅದನ್ನೊಂದು ಏಣಿಯಾಗಿಸಿದರು. ಈಗ ಅದನ್ನು ನೋಡಿದವರಿಗೆ ಅಲ್ಲಿ ತಪ್ಪಿತ್ತೆಂದು ತಿಳಿಯುವುದೇ ಇಲ್ಲ.

ಏಪ್ರಿಲ್‌ನಲ್ಲಿ ನಾನು ಕೇಳಿದ್ದು ಬುಟ್ಟಿಯನ್ನಲ್ಲ, ಹಸೆಯನ್ನು. ಮದುವೆಯ ಮನೆಯಲ್ಲಿ ಹೆಣ್ಣುಗಂಡು ಕೂರುವ ಜಾಗದ ಹಿಂದಿನ ಗೋಡೆಗೆ ಬರೆಯುವ ಹಸೆ ಚಿತ್ತಾರವನ್ನು ದೊಡ್ಡ ಹಾಳೆಯೊಂದರ ಮೇಲೆ ಬರೆದು, ಮಧ್ಯದಲ್ಲಿ ಮದುಮಕ್ಕಳ ಗೊಂಬೆಗಳ ಜಾಗವನ್ನು ಖಾಲಿ ಬಿಟ್ಟು ಅವನಿಗೆ ಕೊಡಬೇಕೆಂದಿದ್ದೆ. ಅಜ್ಜಿ ಒಪ್ಪಿರಲಿಲ್ಲ. "ಹಸೆ ಮದುವೆ ಗೊತ್ತಾದ ಮ್ಯಾಲೆ ಗೋಡೆಗೆ ಬರಿಯೋದು ಮಗಾ. ಕೇಳೋದಕ್ಕೆ ಬರಿಯೋದಲ್ಲ" ಎಂದಿದ್ದರು. ನನಗೆ ಮೊದಲು ನಿರಾಸೆಯಾಯಿತು, ಆಮೇಲೆ ಅವರು ಹೇಳಿದ್ದೇ ಸರಿಯೆಂದು ತಿಳಿಯಿತು. ಬೇರೆ ಮನೆಯಿಂದ ಬಂದವಳು ಆ ಮನೆಯ ಕಲೆಯನ್ನು ಕೈಗೆತ್ತಿಕೊಳ್ಳುವಾಗ ಅದು ಯಾವ ಹೊತ್ತಿಗೆ, ಯಾವ ಗೋಡೆಗೆ ಸಲ್ಲುತ್ತದೆ ಎಂಬುದನ್ನು ಕೇಳಿ ತಿಳಿಯಬೇಕು. ಸ್ವಲ್ಪ ದಿನ ಬಿಟ್ಟು ಅವರೇ ಬುಟ್ಟಿಯ ದಾರಿ ತೋರಿಸಿದರು. ಭೂಮಣ್ಣಿ ಬುಟ್ಟಿಯಲ್ಲಿ ಗದ್ದೆಯ ಕೆಲಸ ಮಾಡುವ ಜನ, ಎತ್ತು, ಗಾಡಿ, ಭತ್ತದ ಸಸಿ ಎಲ್ಲವನ್ನೂ ಬರೆಯುವುದುಂಟು. ಆ ಜನರ ಸಾಲಿನಲ್ಲಿ ನಿನ್ನನ್ನೂ ಬರೆದುಕೋ ಎಂದರು.

ಮೂರನೆಯ ದಿನ, ಸೋಮವಾರ

ಸಿಗಂದೂರಿಗೆ ಹೊರಟದ್ದು ನನ್ನ ಒತ್ತಾಯಕ್ಕೆ. ದೇವಿಯ ದರ್ಶನದಷ್ಟೇ ನನಗೆ ಬೇಕಾಗಿದ್ದದ್ದು ಶರಾವತಿಯ ಹಿನ್ನೀರು.

ಹಿಂದಿನ ವರ್ಷ ಇದೇ ನೀರನ್ನು ನಾವು ಲಾಂಚಿನಲ್ಲಿ ದಾಟಿದ್ದೆವು. ಬಸ್ಸು, ಜೀಪು, ಜನ ಎಲ್ಲ ಒಟ್ಟಿಗೆ ತೇಲುವ ಆ ಲಾಂಚಿನ ನಡುವೆ ಅವನು ನನ್ನ ಕೈಗೆ ಒಂದು ಬಸ್ ಟಿಕೆಟ್ಟಿನ ಕಟ್ಟು ಕೊಟ್ಟಿದ್ದ. ಪರಿಚಯವಾದ ಮೇಲೆ ನನ್ನನ್ನು ನೋಡಲು ಬಂದು ಹೋದ ಪ್ರತಿಯೊಂದು ಪ್ರಯಾಣದ ಟಿಕೆಟ್ಟಿನ ಹಿಂಬದಿಯಲ್ಲೂ ಅಂದು ನಾನು ಆಡಿದ ಒಂದು ಮಾತನ್ನು ಬರೆದಿಟ್ಟಿದ್ದ. ಅವುಗಳಲ್ಲಿ ಹೆಚ್ಚಿನವನ್ನು ನಾನೇ ಮರೆತಿದ್ದೆ. ಈಗ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಸುಮಾರು 2.4 ಕಿಲೋಮೀಟರ್ ಉದ್ದದ ಸೇತುವೆಯಾಗಿದೆ. 2025ರ ಜುಲೈನಲ್ಲಿ ಅದು ತೆರೆದುಕೊಂಡಾಗ ಆಚೆ ದಡದ ತುಮರಿಯ ಕಡೆಯ ಜನ ಅರವತ್ತು ವರ್ಷಗಳಿಂದ ಕಾದದ್ದು ಕೈಗೂಡಿತು. ಹೆರಿಗೆಗೆಂದು ಹೊರಟವರು ಲಾಂಚಿಗಾಗಿ ದಡದಲ್ಲಿ ಕಾಯುತ್ತಿದ್ದ ಕಥೆಗಳನ್ನು ಅವನು ಚಿಕ್ಕಂದಿನಿಂದ ಕೇಳಿ ಬೆಳೆದವನು.

ಸೇತುವೆಯ ಅಂಚಿನಲ್ಲಿ ನಿಂತು, ಅಜ್ಜಿಯ ತವರು ಯಾವ ದಿಕ್ಕಿಗೆ ಬರುತ್ತದೆಂದು ಕೇಳಿದೆ. ಅವನು ಎಡಕ್ಕೆ ಕೈ ತೋರಿಸಿದ. ಅಲ್ಲಿ ಗುಡ್ಡದ ತಲೆಗಳೆರಡು ದ್ವೀಪಗಳಾಗಿ ನಿಂತಿದ್ದವು, ಉಳಿದದ್ದೆಲ್ಲ ನೀರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು 1819 ಅಡಿಯವರೆಗೆ ನೀರು ನಿಂತಾಗ ಕಣಿವೆಯ ಊರುಗಳೆಲ್ಲ ಅಡಿಗಾದವು. ಈ ಸೀಮೆಯವರು ಅದನ್ನು ಒಂದೇ ಮಾತಿನಲ್ಲಿ ಮುಳುಗಡೆ ಎನ್ನುತ್ತಾರೆ, ಆ ಮಾತು ಬಂದ ಮೇಲೆ ಸ್ವಲ್ಪ ಹೊತ್ತು ಬೇರೆ ಮಾತು ಹೊರಡುವುದಿಲ್ಲ. ಅಜ್ಜಿಗೆ ಮದುವೆಯಾಗಿ ಆಗ ಮೂರು ವರ್ಷವಾಗಿತ್ತಂತೆ. ತವರಿನ ಗೋಡೆಯ ಮೇಲೆ ಅವರ ಮದುವೆಯ ಹಸೆ ಇನ್ನೂ ಮಾಸಿರಲಿಲ್ಲವಂತೆ. ಮನೆಯವರು ಹಂಚು, ತೊಲೆ, ಬಾಗಿಲುಗಳನ್ನು ಬಿಚ್ಚಿಕೊಂಡು ಹೊರಟರು, ಗೋಡೆಯನ್ನು ಹೊತ್ತುಕೊಂಡು ಹೋಗಲಾಗಲಿಲ್ಲ. ಬೇಸಿಗೆಯಲ್ಲಿ ನೀರು ತೀರ ಇಳಿದ ವರ್ಷ ಮುಳುಗಿದ ಹಳೆಯ ಮಡೇನೂರು ಅಣೆಕಟ್ಟು ಮೇಲೇಳುತ್ತದೆ, ನೋಡಲು ಜನ ಜಾತ್ರೆಯಂತೆ ಹೋಗುತ್ತಾರೆ. ಕಲ್ಲಿನ ಅಣೆಕಟ್ಟು ಉಳಿಯಿತು. ಮಣ್ಣಿನ ಗೋಡೆ ಕರಗಿತು.

ಅವನಿಗೆ ತಿಳಿಯದ ಒಂದು ಸಂಗತಿ ನನಗೆ ತಿಳಿದಿತ್ತು. ಹಿಂದಿನ ರಾತ್ರಿ ಅಜ್ಜಿ ಬುಟ್ಟಿಯ ಕಂಠದ ಸುತ್ತ ಒಂದು ಅಂಚನ್ನು ನನ್ನ ಕೈಯಿಂದ ಬರೆಸಿದ್ದರು, ಜಡೆ ಹೆಣೆದಂತೆ ಮೂರು ಎಳೆ ಒಂದರೊಳಗೊಂದು ಹೊಕ್ಕು ಹೊರಡುವ ಅಂಚದು. ಅದು ಅವರ ಮದುವೆಯ ಹಸೆಗೆ ಅವರ ತಾಯಿ ಬರೆದಿದ್ದ ಅಂಚು. ಈ ಮನೆಯ ಗೋಡೆಗೆ ಅದನ್ನು ಅವರು ಎಂದೂ ಬರೆದಿರಲಿಲ್ಲ. ಏಕೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ದರ್ಶನ ಮುಗಿಸಿ ಹೊರಬಂದು ನನ್ನ ಅಮ್ಮನಿಗೆ ಫೋನ್ ಮಾಡಿದೆ. ನಾಳೆ ಕೇಳುತ್ತೇನೆಂದು ಹೇಳಿದೆ. ಒಂದು ವರ್ಷ ಮುನಿಸಿನಲ್ಲೇ ಕಳೆದು, ಯುಗಾದಿಯ ಹೊತ್ತಿಗೆ ಮೆತ್ತಗಾಗಿದ್ದ ಅಮ್ಮ, ಆ ಕಡೆಯಿಂದ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಕೇಳ್ಬೇಕಾದೋನು ಅವನಲ್ವೇನೇ?" ಎಂದರು. ಮತ್ತೆ ತಾವೇ, "ಹೋಗ್ಲಿ ಬಿಡು. ಯಾರಾದ್ರೂ ಕೇಳ್ಲಿ. ತಲೆಗೆ ಎಣ್ಣೆ ಹಚ್ಕೊಂಡು ಅಚ್ಚುಕಟ್ಟಾಗಿ ಹೋಗಿ ಕೇಳು" ಎಂದು ಹೇಳಿ ಇಟ್ಟುಬಿಟ್ಟರು.

ಆ ರಾತ್ರಿ ಮನೆಯಲ್ಲಿ ಯಾರೂ ಮಲಗಲಿಲ್ಲ. ಅವನ ಅವ್ವ ಸೌತೆಕಾಯಿ ತುರಿದು ಕಡುಬಿಗೆ ಇಟ್ಟರು, ಕಾಡುಮೇಡಿನಿಂದ ಹುಡುಕಿ ತಂದ ಬೆರಕೆ ಸೊಪ್ಪನ್ನು ಹೆಚ್ಚಿ, ಗದ್ದೆಗೆ ಚೆಲ್ಲುವ ಎಡೆಯಾದ ಚರಗಕ್ಕೆ ಬೇಯಿಸಿದರು. ಅವನು ಹಿತ್ತಲಲ್ಲಿ ಬಾಳೆ ಎಲೆ ಕೊಯ್ಯುತ್ತಿದ್ದಾಗ ನಾನು ಒಳಗೋಣೆಯಲ್ಲಿ ಕೊನೆಯ ಗೊಂಬೆಯನ್ನು ಬರೆದೆ. ಬುಟ್ಟಿಯ ಸುತ್ತ ಸಸಿ ನೆಡುವವರು, ಗಾಡಿ ಹೊಡೆಯುವವರು, ಬುಟ್ಟಿ ಹೊತ್ತವರು, ಎಲ್ಲರೂ ಜೋಡಿಜೋಡಿಯಾಗಿ ನಡೆದಿದ್ದಾರೆ. ಸಾಲಿನ ಕೊನೆಯಲ್ಲಿ ಹೆಗಲಿಗೆ ಚೀಲ ಹಾಕಿದ ಒಬ್ಬಳೇ ಹೆಣ್ಣು. ಅವಳ ಕಾಲ ಬಳಿ ಎರಡು ಎಲೆಯ ಒಂದು ಕಸಿಗಿಡ, ಪಕ್ಕದಲ್ಲಿ ಒಂದು ಗೊಂಬೆಯಷ್ಟು ಖಾಲಿ ಕೆಂಪು.

ನಾಲ್ಕನೆಯ ದಿನ, ಮಂಗಳವಾರ ಬೆಳಗಿನ ಜಾವ

ಅಡುಗೆ ತುಂಬಿ, ಬಾಳೆ ಎಲೆ ಮುಚ್ಚಿ, ಅವ್ವ ಭೂಮಣ್ಣಿ ಬುಟ್ಟಿಯನ್ನು ಕತ್ತಲ ಜಗಲಿಯಲ್ಲೇ ಅವನ ತಲೆಯ ಮೇಲಿಟ್ಟರು. ಅಪ್ಪ ತೀರಿಕೊಂಡ ಮೇಲೆ ಅದನ್ನು ಹೊರುವವನು ಅವನೇ. ಹುಣ್ಣಿಮೆಯ ಚಂದ್ರನಿಗೆ ಮೋಡ ಕವಿದಿತ್ತು. ಬ್ಯಾಟರಿ ಹಿಡಿದ ಅವ್ವ ಮುಂದೆ, ಬುಟ್ಟಿ ಹೊತ್ತ ಅವನು ಅವರ ಹಿಂದೆ, ಅಜ್ಜಿಯ ಕೈ ಹಿಡಿದು ನಾನು ಕೊನೆಯಲ್ಲಿ, ತೋಟದ ಅಗಳು ದಾಟಿ ಗದ್ದೆಯ ಅಂಚಿನ ಮೇಲೆ ನಡೆದೆವು. ಅರ್ಧ ಮೈಲಿಯಷ್ಟು ದೂರ ಅವನು ನನ್ನ ಪ್ರಶ್ನೆಯನ್ನು ತಲೆಯ ಮೇಲೆ ಹೊತ್ತು ನಡೆಯುತ್ತಿದ್ದ. ಕಾಣುವಷ್ಟು ಹತ್ತಿರವಿದ್ದರೂ ಅವನೊಬ್ಬನಿಗೆ ಅದು ಕಾಣುವಂತಿರಲಿಲ್ಲ. ಕಾಲಿಗೆ ತಾಗಿದ ಭತ್ತದ ಗರಿಗಳಿಂದ ನನ್ನ ಸೀರೆಯ ನೆರಿಗೆ ಮೊಣಕಾಲವರೆಗೆ ಒದ್ದೆಯಾಯಿತು.

ಗದ್ದೆಯ ಮೂಲೆಯಲ್ಲಿ ಬುಟ್ಟಿ ಇಳಿಸಿ, ದೀಪ ಹಚ್ಚಿದರು. ಅವ್ವ ತಮ್ಮ ಕೊರಳಿನ ಸರವನ್ನು ತೆಗೆದು ಭತ್ತದ ಬುಡಕ್ಕೆ ತೊಡಿಸಿ, ಅರಿಶಿನ ಕುಂಕುಮ ಇಟ್ಟರು. ದೀಪವನ್ನು ಗಾಳಿಯಿಂದ ಮರೆಮಾಡಲು ಬುಟ್ಟಿಯ ಈ ಕಡೆ ಬಂದು ಕೂತ ಅವನು, ಕೈ ಅಡ್ಡ ಹಿಡಿದ ಹಾಗೆಯೇ ಅಲುಗದೆ ಉಳಿದುಬಿಟ್ಟ. ಮೊದಲು ಏಣಿಯನ್ನು ನೋಡಿದ. ಆಮೇಲೆ ಕಂಠದ ಅಂಚನ್ನು ನೋಡಿದ. ಆಮೇಲೆ ಕಸಿಗಿಡವನ್ನು ನೋಡಿದ.

"ಅಜ್ಜೀ, ಇಲ್ಲಿ ಒಂದು ಜಾಗ ಬಿಟ್ಟುಹೋಗಿದೆಯಲ್ಲ" ಎಂದ. ಅವನ ದನಿ ಬದಲಾಗಿತ್ತು.

"ಬರೆದವಳನ್ನ ಕೇಳು" ಎಂದರು ಅಜ್ಜಿ.

ನಾನು ಐದು ತಿಂಗಳಿಂದ ಸಿದ್ಧಮಾಡಿಕೊಂಡಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ಅದು ನಿನ್ನ ಜಾಗ. ಬರ್ತೀಯಾ?" ಎಂದಷ್ಟೇ ಕೇಳಿದೆ.

ಅವನು ಬಾಯಿ ತೆರೆಯುವ ಮೊದಲೇ ಅವ್ವ ಚಿಕ್ಕ ಬುಟ್ಟಿಯನ್ನು ಅವನ ಕೈಗಿತ್ತರು. ಚರಗವನ್ನು ಸೂರ್ಯ ಹುಟ್ಟುವುದರೊಳಗೆ ಚೆಲ್ಲಿ ಮುಗಿಸಬೇಕು, ಅದಕ್ಕೆ ಯಾರ ಮದುವೆಯ ಮಾತೂ ಅಡ್ಡ ಬರುವಂತಿಲ್ಲ. ಅವನು ಅಚ್ಚಂಬಲಿ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು ಕತ್ತಲಲ್ಲಿ ಇಳಿದುಹೋದ. ಸೊಪ್ಪಿನ ಅಂಬಲಿಯನ್ನು ಹಿಡಿಹಿಡಿಯಾಗಿ ಚೆಲ್ಲುತ್ತ, ಭೂಮಿತಾಯಿಯನ್ನು ಉಂಡು ಹೋಗೆಂದು ಕೂಗಿ ಕರೆಯುವ ಅವನ ದನಿ ಮೊದಲು ಹತ್ತಿರದಿಂದ, ಆಮೇಲೆ ಹೊಳೆಯ ಕಡೆಯ ಮೂಲೆಯಿಂದ, ಆಮೇಲೆ ಬಹಳ ದೂರದಿಂದ ಕೇಳಿತು. ಪಕ್ಕದ ಗದ್ದೆಗಳಿಂದಲೂ ಅದೇ ಕೂಗು ಏಳುತ್ತಿತ್ತು. ಅಷ್ಟು ದನಿಗಳಲ್ಲಿ ಅವನದನ್ನು ಬೇರೆ ಮಾಡಿ ಕೇಳಿಸಿಕೊಳ್ಳುತ್ತ ನಾನು ಅಂಚಿನ ಮೇಲೆ ಕುಳಿತಿದ್ದೆ. ಅಜ್ಜಿ ನನ್ನ ಕೈಯನ್ನು ಬಿಟ್ಟಿರಲಿಲ್ಲ.

ಅವನು ಮರಳಿದಾಗ ಪೂರ್ವದಲ್ಲಿ ಬೆಳ್ಳಗಾಗಿತ್ತು. ಕೈಯೆಲ್ಲ ಅಂಬಲಿ, ಮೊಣಕಾಲವರೆಗೆ ಕೆಸರು. ಅವ್ವ ಒಂದು ಕಡುಬನ್ನು ಗದ್ದೆಯ ಮಣ್ಣಿನಲ್ಲಿ ಹೂತು, ನಮಗೆಲ್ಲ ಎಲೆ ಹಾಕಿ ಬಡಿಸಿದರು. ಅವನು ಉಣ್ಣಲು ಕೂರಲಿಲ್ಲ. ಕೈ ತೊಳೆದು ಬಂದು, ನನ್ನ ಎಲೆಯಿಂದ ಒಂದು ಅಗುಳು ಅನ್ನ ತೆಗೆದುಕೊಂಡು, ಹೆಬ್ಬೆರಳು ತೋರುಬೆರಳಿನ ನಡುವೆ ನುಣ್ಣಗೆ ಅರೆದ. ಬುಟ್ಟಿಯ ಮುಂದೆ ಕುಳಿತು, ಆ ಖಾಲಿ ಕೆಂಪಿನ ಮೇಲೆ ಬೆರಳ ತುದಿಯಿಂದ ಒಂದು ಗೊಂಬೆ ಬರೆದ. ಅವನಿಗೆ ಚಿತ್ತಾರ ಬಾರದು. ಗೆರೆಗಳು ದಪ್ಪವಾದವು, ಒಂದು ಕೈ ಇನ್ನೊಂದಕ್ಕಿಂತ ಉದ್ದವಾಯಿತು. ಆ ಉದ್ದದ ಕೈಯನ್ನೇ ಇನ್ನಷ್ಟು ಎಳೆದು ಪಕ್ಕದ ಹೆಣ್ಣಿನ ಕೈಗೆ ಮುಟ್ಟಿಸಿದ.

"ಸಾಕಾ, ಮಾರಾಯ್ತಿ?" ಎಂದು ನನ್ನ ಕಡೆ ತಿರುಗಿದ. ನಾನು ತಲೆಯಾಡಿಸಿದೆ.

ಅಜ್ಜಿ ಬಗ್ಗಿ, ಕಣ್ಣು ಕಿರಿದು ಮಾಡಿ, ಆ ಗೊಂಬೆಯನ್ನು ತುಂಬ ಹೊತ್ತು ನೋಡಿದರು.

"ಅನ್ನದ ಬಿಳಿ ನಿಲ್ಲೋದಿಲ್ಲ ಕಣಾ. ಮನೆಗೆ ಬಾ, ಅಕ್ಕಿ ಅರೆದು ಇಟ್ಟೀನಿ."